ಸಸಿಮಣ್ಣಿನ ರಸಸಾರ

ನರ್ಸರಿಯ ಪಾತಿಗಳಲ್ಲೂ ಚೀಲಗಳಲ್ಲೂ ತುಂಬುವ ಮಣ್ಣು ಎಷ್ಟು ಹುಳಿ, ಎಷ್ಟು ಚೌಳು ಎಂದು ತಿಳಿಸುವ ಅಳತೆ. ಬೇವು, ಹೊಂಗೆ, ತೇಗ, ಶ್ರೀಗಂಧ, ಹುಣಸೆ ಮೊದಲಾದ ಉಷ್ಣವಲಯದ ಮರಗಳ ಸಸಿಗಳಿಗೆ ಒಗ್ಗುವಂತೆ ಇದನ್ನು ಏರಿಸುವುದು ಅಥವಾ ಇಳಿಸುವುದು ಸಸಿಪಾಲನೆಯ ಮೊದಲ ಕೆಲಸಗಳಲ್ಲೊಂದು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಎರಡು ಮುಖ. ಕರಾವಳಿ, ಮಲೆನಾಡುಗಳ ಮಣ್ಣು ಹುಳಿ. ಅಲ್ಲಿ ಸುಣ್ಣ ಹಾಕಿ ಹುಳಿ ಮುರಿಯುತ್ತಾರೆ. ಕಲಬುರಗಿ ಜಿಲ್ಲೆಯ ಎರೆ ಸೀಮೆಯಲ್ಲಿ ಸುಣ್ಣ ನೆಲದೊಳಗೇ ಇದೆ. ಅಲ್ಲಿನ ತೊಡಕು ಹುಳಿಯ ಕೊರತೆ. ಈ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಸೊನ್ನ ಎಂಬ ಹೆಸರಿನ ಊರುಗಳಿವೆ. ಅಫಜಲಪುರದ ಸೊನ್ನ ಭೀಮಾ ನದಿಯ ಬ್ಯಾರೇಜಿನಿಂದ ಹೆಸರಾದದ್ದು. ಸುಣ್ಣ ತುಂಬಿದ ಎರೆಯ ನಡುವೆ ಸಸಿ ಬೆಳೆಸುವುದು ಹೇಗೆ ಎಂಬುದಕ್ಕೆ ಈ ಸೀಮೆ ಒಳ್ಳೆಯ ನಿದರ್ಶನ.

ಅಳತೆ

ರಸಸಾರ ಎಂದರೆ ಪಿಎಚ್ ಮೌಲ್ಯ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್ ಸೋರೆನ್‌ಸೆನ್ 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಈ ಮಾನವನ್ನು ರೂಪಿಸಿದರು. 7 ತಟಸ್ಥ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಅಂಕ ಸರಿದರೆ ಹುಳಿ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ 6.2 ರಸಸಾರದ ಕೆಂಪುಮಣ್ಣಿಗೂ 8.2ರ ಎರೆಮಣ್ಣಿಗೂ ನಡುವಿನ ಅಂತರ ನೂರು ಪಟ್ಟಿನದು. ಹೆಚ್ಚಿನ ಮರಸಸಿಗಳಿಗೆ 6ರಿಂದ 7ರವರೆಗಿನ ಮಣ್ಣು ಹಿತ. ರಂಜಕ ಬೇರಿಗೆ ಸುಲಭವಾಗಿ ದಕ್ಕುವುದು ಈ ಮಟ್ಟದಲ್ಲೇ.

ರಸಸಾರದ ಅಂಕಿಯ ಹಿಂದೆ ಇನ್ನೊಂದು ಗುಣ ಅಡಗಿರುತ್ತದೆ. ಅದು ಬದಲಾವಣೆಯನ್ನು ತಡೆದು ನಿಲ್ಲುವ ಮಣ್ಣಿನ ಶಕ್ತಿ. ಉಸುಕು ಹೆಚ್ಚಿರುವ ಮಸಾರಿ ಮಣ್ಣು ಒಂದು ಚಿಟಿಕೆ ಸುಣ್ಣಕ್ಕೋ ಗಂಧಕಕ್ಕೋ ಮಣಿಯುತ್ತದೆ. ಜಿಗಟು ಎರೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಎರಡು ಮಣ್ಣುಗಳ ರಸಸಾರ ಒಂದೇ ಇದ್ದರೂ ಅವಕ್ಕೆ ಬೇಕಾಗುವ ಮದ್ದಿನ ಪ್ರಮಾಣ ಒಂದೇ ಅಲ್ಲ.

ಸೊನ್ನದ ನೆಲ

ಆಳಂದ, ಅಫಜಲಪುರಗಳ ನೆಲ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಶಿಲೆ ಸವೆದು ಆದದ್ದು. ಜೇವರ್ಗಿಯ ಕಡೆ ಬಸಾಲ್ಟಿನ ಜೊತೆಗೆ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳೂ ಸೇರುತ್ತವೆ. ಶಹಾಬಾದಿನ ಹಾಸುಗಲ್ಲು, ವಾಡಿ ಮತ್ತು ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಇದೇ ಸುಣ್ಣಕಲ್ಲಿನ ಮೇಲೆ. ಬಸಾಲ್ಟ್ ಕರಗಿದಾಗ ಬಿಡುಗಡೆಯಾದ ಕ್ಯಾಲ್ಸಿಯಂ, ವರ್ಷಕ್ಕೆ ಸುಮಾರು 700–800 ಮಿ.ಮೀ. ಮಳೆಯಷ್ಟೇ ಬೀಳುವ ಈ ಬಯಲಿನಲ್ಲಿ ಪೂರ್ತಿ ಕೊಚ್ಚಿಹೋಗದೆ ಅಲ್ಲಲ್ಲೇ ಸುಣ್ಣದ ಹರಳಾಗಿ ಗಟ್ಟಿಯಾಗಿದೆ. ಎರೆ ಹೊಲ ಅಗೆದರೆ ಒಂದೆರಡು ಮೊಳ ಆಳದಲ್ಲಿ ಬಿಳಿ ಹರಳು ಸಿಗುವುದು ಇದರಿಂದಲೇ. ಭೀಮೆ ಹೊತ್ತು ತರುವ ಮೆಕ್ಕಲಿನ ಮೂಲವೂ ಮಹಾರಾಷ್ಟ್ರದ ಇದೇ ಬಸಾಲ್ಟ್ ನೆಲ. ಹೀಗಾಗಿ ಪ್ರವಾಹ ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ನಯವಾದ ರೇವೆಯನ್ನು ಹೊಸ ಮಣ್ಣೆಂದು ನರ್ಸರಿಗೆ ತಂದರೂ ರಸಸಾರ ಇಳಿಯುವುದಿಲ್ಲ.

ಇಂಥ ಎರೆಯ ರಸಸಾರ ಸಾಮಾನ್ಯವಾಗಿ 7.5ರಿಂದ 8.5ರ ನಡುವೆ ಇರುತ್ತದೆ. ಸುಣ್ಣವೂ ಗಾಳಿಯ ಇಂಗಾಲದ ಡೈಆಕ್ಸೈಡೂ ನೀರಿನಲ್ಲಿ ಸಮತೋಲಕ್ಕೆ ಬಂದಾಗ ರಸಸಾರ 8.2–8.3ರ ಸುಮಾರಿಗೆ ನಿಲ್ಲುವುದು ರಾಸಾಯನಿಕ ನಿಯಮ. ಅಳತೆ 8.5 ದಾಟಿದರೆ ಅದು ಬರಿಯ ಸುಣ್ಣದ ಕೆಲಸವಲ್ಲ, ಸೋಡಿಯಂ ಸೇರಿಕೊಂಡಿದೆ ಎಂದು ಅನುಮಾನಿಸಬೇಕು. ಕಾಲುವೆ ನೀರಾವರಿಯ ತಗ್ಗುಗಳಲ್ಲಿ ಬಸಿಗಾಲುವೆ ಇಲ್ಲದೆ ನೀರು ನಿಂತ ಕಡೆ ನೆಲ ಸವಳಾಗುವುದು ಹೀಗೆ. ಈ ಎರಡರ ಮದ್ದು ಬೇರೆ ಬೇರೆ. ಸೋಡಿಯಂ ಸೇರಿದ ಕರಲು ಮಣ್ಣಿಗೆ ಜಿಪ್ಸಂ ಬೇಕು, ಜೊತೆಗೆ ನೀರು ಬಸಿದು ಹೋಗಲು ದಾರಿ ಬೇಕು. ಬರಿಯ ಸುಣ್ಣದ ಎರೆಗೆ ಜಿಪ್ಸಂ ಹಾಕಿದರೆ ಗಂಧಕ ಪೋಷಕಾಂಶವಾಗಿ ದಕ್ಕೀತು, ರಸಸಾರ ಮಾತ್ರ ಹೆಚ್ಚೇನೂ ಇಳಿಯದು.

ಸಸಿಯಲ್ಲಿ ಕಾಣುವ ಗುರುತು

ಸುಣ್ಣದ ಮಣ್ಣಿನಲ್ಲಿ ಮೊದಲು ಕಾಣುವುದು ಕಬ್ಬಿಣದ ಕೊರತೆ. ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಕಬ್ಬಿಣ ಸಾವಿರ ಪಟ್ಟು, ಸತು ನೂರು ಪಟ್ಟು ಕಡಿಮೆಯಾಗುತ್ತದೆ. ಕಬ್ಬಿಣ ಮಣ್ಣಿನಲ್ಲಿ ಬೇಕಾದಷ್ಟಿದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಕೊರತೆ ಬಲಿತರೆ ಎಲೆ ಬಿಳಿಚಿ ಅಂಚು ಸುಡುತ್ತದೆ. ಹಳದಿ ಕಂಡದ್ದು ಕೆಳಗಿನ ಹಳೆಯ ಎಲೆಗಳಲ್ಲಾದರೆ ಅದು ಸಾರಜನಕದ ಕೊರತೆ. ಈ ವ್ಯತ್ಯಾಸ ಗಮನಿಸದೆ ಯೂರಿಯಾ ಹಾಕಿದರೆ ಸಸಿ ಚೇತರಿಸಿಕೊಳ್ಳುವುದಿಲ್ಲ.

ಎರಡನೆಯ ತೊಂದರೆ ಎಳೆ ಸಸಿಯ ಬುಡ ಕೊಳೆಯುವ ರೋಗ. ಪಿಥಿಯಂ, ರೈಜೊಕ್ಟೋನಿಯಾ, ಫ್ಯುಸೇರಿಯಂ ಎಂಬ ಶಿಲೀಂಧ್ರ ಬಗೆಯ ಸೂಕ್ಷ್ಮಜೀವಿಗಳಿಂದ ಬರುವ ಈ ರೋಗಕ್ಕೆ ತಟಸ್ಥ ಮತ್ತು ಕ್ಷಾರದ ಹಸಿ ಮಣ್ಣು ಅನುಕೂಲ. ಅಮೆರಿಕದ ಪೈನ್ ನರ್ಸರಿಗಳಲ್ಲಿ 20ನೇ ಶತಮಾನದ ಆರಂಭದಲ್ಲೇ ಪಾತಿಗೆ ತೆಳು ಗಂಧಕಾಮ್ಲ ಹಾಕಿ ಇದನ್ನು ತಡೆಯುತ್ತಿದ್ದರು. ನರ್ಸರಿಯಲ್ಲಿ ಮಣ್ಣನ್ನು ಹುಳಿ ಮಾಡುವ ಪದ್ಧತಿಯ ಒಂದು ಬೇರು ಅಲ್ಲಿದೆ. ಪೈನ್ ಬಯಸುವಷ್ಟು ಹುಳಿ ನಮ್ಮ ಬಯಲುಸೀಮೆಯ ಮರಗಳಿಗೆ ಬೇಕಿಲ್ಲ.

ರಸಸಾರ 5.5ಕ್ಕಿಂತ ಕೆಳಗಿಳಿದ ಕಡೆ ಕಷ್ಟದ ಸ್ವರೂಪವೇ ಬೇರೆ. ಅಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕುಂಠಿಸುತ್ತದೆ. ಬೇರು ಮೊಂಡಾಗಿ ಕವಲೊಡೆಯುವುದಿಲ್ಲ. ರಂಜಕ ಮಣ್ಣಿಗೆ ಅಂಟಿಕೊಂಡು ಬಿಡುತ್ತದೆ. ದ್ವಿದಳ ಜಾತಿಯ ಮರಗಳ ಬೇರುಗಂಟುಗಳೂ ಸೊರಗುತ್ತವೆ.

ಪರೀಕ್ಷೆ

ಸುಣ್ಣ ಇದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಮಣ್ಣಿನ ಹೆಂಟೆಯ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ನಾಲ್ಕು ಹನಿ ಬಿಟ್ಟರೆ ಸುಣ್ಣ ಇದ್ದಲ್ಲಿ ನೊರೆ ಬುಸುಗುಟ್ಟುತ್ತದೆ; ಸುಣ್ಣ ಹೆಚ್ಚಿದ್ದರೆ ನಿಂಬೆರಸಕ್ಕೂ ಸಣ್ಣಗೆ ನೊರೆ ಏಳುತ್ತದೆ. ನರ್ಸರಿಗೆ ತರುವ ಉಸುಕನ್ನೂ ಹೀಗೆ ಪರೀಕ್ಷಿಸಬೇಕು. ಎರೆ ಸೀಮೆಯ ಹಳ್ಳಗಳ ಉಸುಕಿನಲ್ಲಿ ಸುಣ್ಣದ ಹರಳು ಬೆರೆತಿರುವುದುಂಟು. ಕೆಂಪುಮಣ್ಣನ್ನು ದೂರದಿಂದ ತಂದರೂ ಉಸುಕಿನ ಮೂಲಕ ಸುಣ್ಣ ಮತ್ತೆ ಚೀಲ ಸೇರಬಹುದು.

ರಸಸಾರ ಅಳೆಯಲು ಒಂದು ಪಾಲು ಮಣ್ಣನ್ನು ಎರಡೂವರೆ ಪಾಲು ಶುದ್ಧೀಕರಿಸಿದ ನೀರಿನಲ್ಲಿ ಕಲಕಿ ಅರ್ಧ ಗಂಟೆ ಬಿಟ್ಟು ಮೀಟರ್ ಇಡುವುದು ನಮ್ಮ ದೇಶದಲ್ಲಿ ರೂಢಿಯ ವಿಧಾನ. ಕೊಳವೆಬಾವಿ ನೀರಿನಲ್ಲಿ ಕಲಕಿದರೆ ಆ ನೀರಿನ ಕ್ಷಾರವೂ ಅಳತೆಗೆ ಸೇರಿಬಿಡುತ್ತದೆ. 2015ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಕಬ್ಬಿಣ, ಸತು ಸೇರಿ 12 ಅಂಶಗಳಿರುತ್ತವೆ. ಆದರೆ ಅದು ಹೊಲದ ಮಣ್ಣಿನ ಲೆಕ್ಕ. ಚೀಲಕ್ಕೆ ತುಂಬುವುದು ಮಣ್ಣು, ಉಸುಕು, ಗೊಬ್ಬರಗಳ ಮಿಶ್ರಣವಾದ್ದರಿಂದ ಮಿಶ್ರಣವನ್ನೇ ಪರೀಕ್ಷೆಗೆ ಕಳಿಸಬೇಕು.

ಸುಣ್ಣದೊಡನೆ ಆಮ್ಲದ ಸೆಣಸಾಟ

ಎರೆಯ ರಸಸಾರ ಹೆಚ್ಚಿದ್ದರೆ ಆಮ್ಲವನ್ನೋ ಗಂಧಕವನ್ನೋ ಬೆರೆಸಿ ಇಳಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಅದರ ಭಾರ ತಿಳಿಯುತ್ತದೆ. ಒಂದು ಚೀಲಕ್ಕೆ 2 ಕೆ.ಜಿ. ಮಣ್ಣು ಹಿಡಿಯುತ್ತದೆ, ಅದರಲ್ಲಿ ಶೇ. 5ರಷ್ಟು ಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್) ಇದೆ ಎಂದಿಟ್ಟುಕೊಳ್ಳೋಣ. ಅಂದರೆ ಚೀಲದಲ್ಲಿ 100 ಗ್ರಾಂ ಸುಣ್ಣ. ಅಷ್ಟನ್ನೂ ಕರಗಿಸಲು 32 ಗ್ರಾಂ ಗಂಧಕ, ಇಲ್ಲವೇ ಸುಮಾರು 100 ಗ್ರಾಂ ತೀಕ್ಷ್ಣ ಗಂಧಕಾಮ್ಲ ಬೇಕು. ಹತ್ತು ಸಾವಿರ ಚೀಲದ ನರ್ಸರಿಗೆ 320 ಕೆ.ಜಿ. ಗಂಧಕ. ಕರಗಿದ ಸುಣ್ಣ ಮಾಯವಾಗುವುದೂ ಇಲ್ಲ. ಪ್ರತಿ ಚೀಲದಲ್ಲಿ 172 ಗ್ರಾಂ ಜಿಪ್ಸಂ ಆಗಿ ಉಳಿಯುತ್ತದೆ. ಸುಣ್ಣ ಪೂರ್ತಿ ಮುಗಿಯುವವರೆಗೆ ರಸಸಾರ ಹೆಚ್ಚು ಕದಲದು. ಮುಗಿದ ಮೇಲೆ ಒಂದಿಷ್ಟು ಆಮ್ಲ ಹೆಚ್ಚಾದರೂ ಅದು ಧಡಕ್ಕನೆ ಕುಸಿಯುತ್ತದೆ. ಸಸಿಗೆ ಎರಡೂ ಒಳ್ಳೆಯದಲ್ಲ.

ಗಂಧಕ ಕೆಲಸ ಮಾಡುವುದು ಥಯೋಬ್ಯಾಸಿಲಸ್ ಬಗೆಯ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಿದಾಗ. ಇದಕ್ಕೆ ತೇವ, ಬಿಸುಪು, ವಾರಗಟ್ಟಲೆ ಸಮಯ ಬೇಕು. ಆದ್ದರಿಂದ ಗಂಧಕ ಸಲ್ಲುವುದು ಸುಣ್ಣವಿಲ್ಲದ, ರಸಸಾರ ತುಸುವೇ ಏರಿರುವ ಹಗುರ ಮಣ್ಣಿಗೆ. ಅಲ್ಲಿ ಪ್ರತಿ ಕೆ.ಜಿ. ಮಿಶ್ರಣಕ್ಕೆ ಅರ್ಧದಿಂದ ಒಂದು ಗ್ರಾಂ ನುಣುಪು ಗಂಧಕವನ್ನು ಬಿತ್ತನೆಗೆ ಆರೆಂಟು ವಾರ ಮೊದಲೇ ಬೆರೆಸಿ ತೇವದಲ್ಲಿ ರಾಶಿ ಹಾಕಬೇಕು. ಎಷ್ಟು ಬೇಕೆಂಬುದನ್ನು ನಿಖರವಾಗಿ ತಿಳಿಯಲು ಐದು ಡಬ್ಬಿಗಳ ಪ್ರಯೋಗ ಸಾಕು. ತಲಾ ಒಂದು ಕೆ.ಜಿ. ಮಿಶ್ರಣಕ್ಕೆ ಬೇರೆ ಬೇರೆ ತೂಕದ ಗಂಧಕ ಹಾಕಿ, ಒಂದು ಡಬ್ಬಿಯನ್ನು ಬರಿದೇ ಬಿಟ್ಟು, ಒಂದೂವರೆ ತಿಂಗಳು ತೇವ ಆರದಂತೆ ಇಟ್ಟು ಅಳೆಯುವುದು. ಹುಳಿಮಣ್ಣಿಗೆ ಸುಣ್ಣದ ಪ್ರಮಾಣ ಗೊತ್ತುಮಾಡಲೂ ಇದೇ ದಾರಿ.

ಚೀಲದ ಮಿಶ್ರಣ

ಸುಣ್ಣವನ್ನು ಗೆಲ್ಲಲಾಗದ ಕಡೆ ಅದನ್ನು ಚೀಲದಿಂದ ಹೊರಗಿಡುವುದೇ ಜಾಣತನ. ಕರ್ನಾಟಕದ ನರ್ಸರಿಗಳಲ್ಲಿ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಕೊಟ್ಟಿಗೆ ಗೊಬ್ಬರದ ಮಿಶ್ರಣ ರೂಢಿಯಲ್ಲಿದೆ. ಎರೆ ಸೀಮೆಯಲ್ಲಿ ಕೆಂಪುಮಣ್ಣು ಹತ್ತಿರದಲ್ಲಿ ಸಿಗುವುದು ಕಷ್ಟ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದ ಕೆಂಪುಮಣ್ಣಿನಲ್ಲಿ ಸುಣ್ಣ ಇಲ್ಲ. ಆದರೆ ಲಾರಿ ಬಾಡಿಗೆ ಮಣ್ಣಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಇರುವ ಕೆಂಪುಮಣ್ಣನ್ನು ಉಳಿಸಿಕೊಂಡು, ಚೆನ್ನಾಗಿ ಕಳಿತ ಗೊಬ್ಬರ, ಎರೆಹುಳು ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಇವುಗಳ ಪಾಲು ಹೆಚ್ಚಿಸುವುದು ಮೇಲು. ನಾರಿನ ಪುಡಿಯ ರಸಸಾರ 5.5–6.5ರ ಸುಮಾರು, ತೂಕವೂ ಹಗುರ. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ.

ಕೆಲವು ವಸ್ತುಗಳು ಗೊಬ್ಬರದ ಹೆಸರಿನಲ್ಲಿ ಬಂದು ರಸಸಾರ ಏರಿಸುತ್ತವೆ. ಒಲೆಯ ಬೂದಿ ಅವುಗಳಲ್ಲಿ ಮುಖ್ಯ. ಹುಳಿಮಣ್ಣಿಗೆ ಅದು ಮದ್ದು, ಎರೆ ಸೀಮೆಯ ಚೀಲಕ್ಕೆ ಅಲ್ಲ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿರುವುದರಿಂದ ಈ ಭಾಗದಲ್ಲಿ ಪ್ರೆಸ್‌ಮಡ್ ಎಂಬ ಕಬ್ಬಿನ ರಸದ ಮಡ್ಡಿಯನ್ನು ಬಳಸುವ ಯೋಚನೆ ಸಹಜ. ಅದರಲ್ಲಿ ಎರಡು ಬಗೆ. ರಸವನ್ನು ಗಂಧಕದಿಂದ ಶುದ್ಧಿ ಮಾಡಿದಾಗ ಬರುವ ಮಡ್ಡಿ ಎರೆಗೆ ಒಗ್ಗುತ್ತದೆ. ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಶುದ್ಧಿ ಮಾಡಿದ ಮಡ್ಡಿಯಲ್ಲಿ ಸುಣ್ಣವೇ ತುಂಬಿರುತ್ತದೆ. ಯಾವುದೆಂದು ಕೇಳಿ, ನೊರೆ ಪರೀಕ್ಷೆ ಮಾಡಿ, ಪೂರ್ತಿ ಕಳಿತ ಮೇಲೆ ಬೆರೆಸಬೇಕು.

ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ ತೆಳುವಾಗಿ ಕೊಟ್ಟರೆ ಬೇರಿನ ಸುತ್ತ ತುಸು ಹುಳಿ ಹುಟ್ಟುತ್ತದೆ. ಚೀಲದ ಅಷ್ಟೂ ಮಣ್ಣನ್ನು ಬದಲಿಸದೆ ಬೇರಿಗೆ ತಾಗುವ ಪದರವನ್ನಷ್ಟೇ ಸರಿಪಡಿಸುವ ಈ ಉಪಾಯ ಸುಣ್ಣದ ಮಣ್ಣಿನಲ್ಲಿ ಹೆಚ್ಚು ಫಲ ಕೊಡುತ್ತದೆ. ಹಳದಿ ತಿರುಗಿದ ಸಸಿಗೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಮತ್ತು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ತೀರ ಎಳೆಯ ಸಸಿಗೆ ಇದರ ಅರ್ಧ ಸಾಕು. ಅನ್ನಭೇದಿಯನ್ನು ಸುಣ್ಣದ ಮಣ್ಣಿಗೇ ಹಾಕಿದರೆ ಅದು ಬೇಗ ತುಕ್ಕಾಗಿ ನಿಷ್ಪ್ರಯೋಜಕವಾಗುತ್ತದೆ. ಮಣ್ಣಿಗೆ ಕೊಡಲೇಬೇಕೆಂದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ತಾಳುತ್ತದೆ. ಅಗ್ಗದ ಇಡಿಟಿಎ ಕಬ್ಬಿಣ ಕ್ಷಾರದಲ್ಲಿ ನಿಲ್ಲುವುದಿಲ್ಲ.

ನೀರಿನೊಡನೆ ಬರುವ ಸುಣ್ಣ

ಒಳ್ಳೆಯ ಕೆಂಪುಮಣ್ಣು ತುಂಬಿದ ಚೀಲದ ಸಸಿಯೂ ಮೂರು ನಾಲ್ಕು ತಿಂಗಳಿಗೆ ಹಳದಿಯಾಗುವುದಕ್ಕೆ ಕಾರಣ ಅನೇಕ ಸಲ ನೀರು. ಸುಣ್ಣದ ನೆಲದ ಬಾವಿ ನೀರಿನಲ್ಲಿ ಬೈಕಾರ್ಬನೇಟ್ ಕರಗಿರುತ್ತದೆ. ಲೀಟರಿಗೆ 305 ಮಿ.ಗ್ರಾಂ. ಬೈಕಾರ್ಬನೇಟ್ ಇರುವ ನೀರನ್ನು ದಿನಕ್ಕೆ 200 ಮಿ.ಲೀ.ನಂತೆ ಐದು ತಿಂಗಳು ಹನಿಸಿದರೆ ಚೀಲಕ್ಕೆ 30 ಲೀಟರ್ ನೀರಿನ ಜೊತೆ 7.5 ಗ್ರಾಂ ಸುಣ್ಣಕ್ಕೆ ಸಮನಾದ ಕ್ಷಾರ ಇಳಿಯುತ್ತದೆ. ಹಗುರ ಮಿಶ್ರಣವನ್ನು ತಟಸ್ಥದಿಂದ ಮೇಲಕ್ಕೆ ತಳ್ಳಲು ಅಷ್ಟು ಸಾಕು. ಚೀಲದ ಬಾಯಲ್ಲಿ, ತೂತುಗಳ ಸುತ್ತ ಕಟ್ಟುವ ಬಿಳಿ ಪೊರೆ ಇದರ ಕುರುಹು. ನೀರಿನ ರಸಸಾರ ಎಷ್ಟೆಂಬುದಕ್ಕಿಂತ ಬೈಕಾರ್ಬನೇಟ್ ಎಷ್ಟೆಂಬುದೇ ಇಲ್ಲಿ ಮುಖ್ಯ.

ಕಲಬುರಗಿ ಸೀಮೆಯಲ್ಲಿ ಸಸಿಗಳು ಬೆಳೆಯುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಜೂನ್–ಜುಲೈ ಮಳೆಗೆ ನೆಡಲು ಅಣಿಯಾಗಬೇಕಾದ ಸಸಿಗಳಿಗೆ ಏಪ್ರಿಲ್–ಮೇ ತಿಂಗಳ ಉರಿಬಿಸಿಲಿನಲ್ಲಿ ನೀರು ಹೆಚ್ಚು ಬೇಕು. ಸುಣ್ಣ ಸೇರುವುದೂ ಆಗಲೇ ಹೆಚ್ಚು. ನೆರಳು ಪರದೆ ಕಟ್ಟಿ, ಚೀಲದ ಬಾಯಿಗೆ ಹೊಟ್ಟು ಅಥವಾ ಒಣ ಎಲೆ ಹೊದಿಸಿ ನೀರಿನ ಖರ್ಚು ಇಳಿಸಿದರೆ ಸುಣ್ಣವೂ ಕಡಿಮೆ ಸೇರುತ್ತದೆ. ಮಳೆನೀರಿನ ರಸಸಾರ 5.6ರ ಸುಮಾರು, ಅದರಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಬೀಜ ಮೊಳೆಯುವ ಪಾತಿಗಾದರೂ ಬಳಸುವುದು ಒಳ್ಳೆಯದು. ದೊಡ್ಡ ನರ್ಸರಿಗಳು ನೀರಿಗೇ ಆಮ್ಲ ಬೆರೆಸುತ್ತವೆ. ಮೇಲೆ ಹೇಳಿದ ನೀರಿನ ಕ್ಷಾರದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಮುರಿಯಲು 100 ಲೀಟರಿಗೆ ಸುಮಾರು 11 ಮಿ.ಲೀ. ತೀಕ್ಷ್ಣ ಗಂಧಕಾಮ್ಲ ಸಾಕು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು. ಮಕ್ಕಳು ಓಡಾಡುವ ಶಾಲೆಯ, ಮನೆಯ ನರ್ಸರಿಗೆ ಇದು ತಕ್ಕ ದಾರಿಯಲ್ಲ.

ಹುಳಿಮಣ್ಣಿನ ಸೀಮೆ

ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡುಗಳ ಮುರಕಲ್ಲು ನೆಲದಲ್ಲಿ ಚಿತ್ರ ತಲೆಕೆಳಗು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಇಟ್ಟಿಗೆಯಂತೆ ಕತ್ತರಿಸಬಹುದಾದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಮೂರು ಸಾವಿರ ಮಿ.ಮೀ. ಮೀರಿದ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿದೆ. ಇಂಥ ಮಣ್ಣಿನ ಮಿಶ್ರಣಕ್ಕೆ ಕೆ.ಜಿ.ಗೆ ಒಂದೆರಡು ಗ್ರಾಂ ಸುಣ್ಣಕಲ್ಲಿನ ಪುಡಿ ಅಥವಾ ಡಾಲಮೈಟನ್ನು ಚೀಲ ತುಂಬುವ ಮೂರು ನಾಲ್ಕು ವಾರ ಮೊದಲೇ ಬೆರೆಸುತ್ತಾರೆ. ಡಾಲಮೈಟಿನಲ್ಲಿ ಮೆಗ್ನೀಷಿಯಂ ಕೂಡ ಸಿಗುತ್ತದೆ. ಸುಟ್ಟ ಸುಣ್ಣ ಸುಣ್ಣಕಲ್ಲಿನ ಪುಡಿಗಿಂತ 1.79 ಪಟ್ಟು, ನೀರೆರೆದು ಅರಳಿಸಿದ ಸುಣ್ಣ 1.36 ಪಟ್ಟು ಪ್ರಬಲ. ಆದ್ದರಿಂದ ತೂಕ ತಗ್ಗಿಸದೆ ಒಂದರ ಬದಲು ಇನ್ನೊಂದು ಹಾಕಿದರೆ ಎಳೆ ಬೇರು ಸುಡುತ್ತದೆ. ಸುಣ್ಣ ಅತಿಯಾದರೆ ಕರಾವಳಿಯ ಚೀಲದಲ್ಲೂ ಸತು, ಬೋರಾನ್, ಕಬ್ಬಿಣಗಳ ಕೊರತೆ ಹುಟ್ಟಿ ಎರೆ ಸೀಮೆಯ ಹಳದಿ ರೋಗವೇ ಕಾಣಿಸಿಕೊಳ್ಳುತ್ತದೆ.

ಜಾತಿಗೆ ತಕ್ಕ ಮಟ್ಟ

ಎಲ್ಲ ಮರಗಳಿಗೂ ಒಂದೇ ಅಂಕಿ ಸಲ್ಲದು. ಹೊಂಗೆ, ಬೇವು, ಕರಿಜಾಲಿ, ಹುಣಸೆ, ಬಾರೆ ಇವು ಎರೆಯ ಕ್ಷಾರಕ್ಕೆ ಹೆದರುವುದಿಲ್ಲ. ಬಳ್ಳಾರಿ ಜಾಲಿ ಎನ್ನುವ ಪ್ರೊಸೊಪಿಸ್ ಸವಳಿನಲ್ಲೂ ಬೆಳೆಯುತ್ತದೆ. ಹಾಗೆ ಬೆಳೆದು ಹಬ್ಬುವುದೇ ಅದರ ಕಾಟ. ತೇಗಕ್ಕೆ ಕ್ಯಾಲ್ಸಿಯಂ ಬೇಕು, 6.5–7.5 ಅದರ ಹದ. ಆದರೆ ನೀರು ನಿಲ್ಲುವ ಜಿಗಟು ಎರೆಯಲ್ಲಿ ಅದು ಕುಳ್ಳಾಗುತ್ತದೆ. ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಹುಳಿ, ಚೌಳು ಎರಡನ್ನೂ ತಾಳುತ್ತದೆ. ಗೇರು ಕರಾವಳಿಯ ಹುಳಿಮಣ್ಣಿಗೆ ಒಗ್ಗಿದ ಮರ.

ಶ್ರೀಗಂಧದ ವಿಚಾರ ಬೇರೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿ ಅರ್ಧ ಆಹಾರ ಪಡೆಯುವುದರಿಂದ ಚೀಲದಲ್ಲೇ ಆಸರೆ ಗಿಡ ಬೆಳೆಸಬೇಕು. ಆ ಆಸರೆಗೆ ನರ್ಸರಿಗಳಲ್ಲಿ ಹೆಚ್ಚಾಗಿ ಹಾಕುವುದು ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಎರೆಯಲ್ಲೇ ಹುಟ್ಟಿ ಬೆಳೆದ ಬೆಳೆ. ಶ್ರೀಗಂಧದ ಚೀಲದಲ್ಲಿ ಮಣ್ಣು ಎರಡು ಗಿಡಗಳಿಗೂ ಒಗ್ಗಬೇಕು. ತಟಸ್ಥದ ಆಸುಪಾಸಿನ, ನೀರು ಬಸಿಯುವ ಮಿಶ್ರಣ ಎರಡಕ್ಕೂ ಸರಿಹೋಗುತ್ತದೆ.

ಚೀಲದಿಂದ ಹೊಲಕ್ಕೆ

ಸಸಿ ಚೀಲದಲ್ಲಿ ಇರುವುದು ಆರು ತಿಂಗಳೋ ವರ್ಷವೋ. ಉಳಿದ ಬಾಳೆಲ್ಲ ಎರೆಯಲ್ಲಿ. ಚೀಲದ ಮಣ್ಣನ್ನು 6ಕ್ಕೆ ಇಳಿಸಿ ದಷ್ಟಪುಷ್ಟವಾಗಿ ಬೆಳೆಸಿದ ಸಸಿಯನ್ನು 8.3ರ ನೆಲಕ್ಕೆ ಒಮ್ಮೆಲೇ ಇಳಿಸಿದರೆ ಹೊಸ ಬೇರು ಹೊರಗೆ ಚಾಚಿದ ಕೂಡಲೇ ಕಬ್ಬಿಣದ ಹಸಿವು ಶುರು. ಆದ್ದರಿಂದ ಎರೆ ಸೀಮೆಯಲ್ಲಿ ಗುರಿ ಆದಷ್ಟು ಇಳಿಸುವುದಲ್ಲ, 6.5–7.3ರ ಸುಮಾರಿಗೆ ನಿಲ್ಲಿಸಿ, ದೊಡ್ಡ ಚೀಲಕ್ಕೆ ಬದಲಿಸುವಾಗ ನೆಡುವ ಹೊಲದ ಮಣ್ಣನ್ನು ಸ್ವಲ್ಪ ಬೆರೆಸಿ ಬೇರಿಗೆ ಪರಿಚಯ ಮಾಡಿಸುವುದು. ಚೆನ್ನಾಗಿ ಬೆಳೆದ ಹಳೆಯ ಹೊಂಗೆಮರದ ಬುಡದ ಒಂದು ಹಿಡಿ ಮಣ್ಣು ಹೊಂಗೆಯ ಚೀಲ ಸೇರಿದರೆ ಬೇರುಗಂಟಿನ ಜೀವಾಣುವೂ ಸಹಜೀವಿ ಶಿಲೀಂಧ್ರವೂ ಜೊತೆಗೆ ಬರುತ್ತವೆ.

ಸವಳು ನೆಲದಲ್ಲಿ ನೆಡಲು ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ (ಸ್ಥಾಪನೆ 1969) ಬೈರಿಗೆ ಕುಳಿಯ ವಿಧಾನ ರೂಪಿಸಿತು. ಸುಮಾರು 15 ಸೆ.ಮೀ. ಅಗಲ, 120 ಸೆ.ಮೀ. ಮೀರಿದ ಆಳದ ಕುಳಿ ಕೊರೆದು ಅದೇ ಮಣ್ಣಿಗೆ ಜಿಪ್ಸಂ, ಗೊಬ್ಬರ ಬೆರೆಸಿ ತುಂಬುವುದು; ಬೇರು ಗಟ್ಟಿಪದರ ದಾಟಿ ಆಳದ ತೇವಕ್ಕೆ ಇಳಿಯಲು ಅದೊಂದು ಓಣಿ. ಇಡೀ ಹೊಲ ಸರಿಪಡಿಸುವ ವೆಚ್ಚ ಇದರಲ್ಲಿ ಇಲ್ಲ.

ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಿಂದ ರೈತರಿಗೆ ಸಹಾಯಧನ ಕೊಡುತ್ತಿರುವುದು ನೆಟ್ಟ ಸಸಿಯ ಲೆಕ್ಕಕ್ಕಲ್ಲ, ಮೂರು ವರ್ಷಗಳ ಕಾಲ ಆಯಾ ವರ್ಷ ಬದುಕುಳಿದ ಸಸಿಯ ಲೆಕ್ಕಕ್ಕೆ. ಎರೆ ಸೀಮೆಯ ನರ್ಸರಿಗೂ ಅದೇ ಒರೆಗಲ್ಲು. ಜೂನಿನಲ್ಲಿ ಚೀಲದೊಳಗೆ ಕಡುಹಸಿರಾಗಿದ್ದ ಸಸಿ ಮರುವರ್ಷದ ಬೇಸಿಗೆಯಲ್ಲಿ, ಸುಣ್ಣದ ಹರಳಿನ ನಡುವೆ ಬೇರುಬಿಟ್ಟು, ಹಸಿರು ಚಿಗುರು ತೋರಿದರೆ ಅದರ ಮಣ್ಣಿನ ಹದ ಸರಿಯಿತ್ತು ಎಂದರ್ಥ.